ಬ್ಯಾಳಿ ಬೇಯೋ ನೀರು

ಹೊಲದಾಗ ರೈಲು ಓಡಸ್ತೀವಿ ಅಂದಾಗ ನಮ್ಮವ್ವ ಮೊದಲು ನಕ್ಕಳು. ಯಾರ ಹೊಲದಾಗ ಅಂತ ಕೇಳಿದ್ಲು, ನಮ್ಮದರಾಗೇ ಅಂದ ಮ್ಯಾಲ ನಗೋದು ಬಂದ್ ಆತು.

ರೈಲು ಅಂದ್ರ ದೊಡ್ಡ ರೈಲಲ್ಲ ಬಿಡ್ರಿ. ಎರಡು ಹಳಿ ನಡುವಿನ ಅಂತರ 127 ಮಿಲಿಮೀಟರ್, ಐದು ಇಂಚು. ಕಲಬುರಗಿ ಸ್ಟೇಷನ್ನಾಗ ಕಾಣೋ ಹಳಿದು 1676 ಮಿಲಿಮೀಟರ್, ಅದರ ಹದಿಮೂರನೇ ಪಾಲು ಅಷ್ಟ. ಆದ್ರ ಆಟಿಗಿ ಸಾಮಾನು ಅಂತ ತಿಳ್ಕೋಬ್ಯಾಡ್ರಿ, ಒಳಗ ಖರೇ ಕಲ್ಲಿದ್ದಲು ಉರಿತದ, ಖರೇ ಉಗಿ ಏಳ್ತದ, ಚದರ ಇಂಚಿಗಿ 80 ಪೌಂಡ್ ಪ್ರೆಶರ್ ಹಿಡದು ಟ್ರಾಲಿ ಮ್ಯಾಲ ಕುಂತ ನಾಕು ಮಂದಿ ದೊಡ್ಡವರನ್ನ ಎಳಕೊಂಡು ಹೊಂಟ್ರ ನೋಡಿದವರು ಬಾಯಿ ಮ್ಯಾಲ ಕೈ ಇಟ್ಕೋತಾರ. ಇಂಥದ್ದೊಂದನ್ನ ನಮ್ಮ ಮಾಮಾ, ಅಂದ್ರ ಅವ್ವನ ತಮ್ಮ, ಶಹಾಬಾದದಾಗ ಮನಿ ಹಿತ್ತಲ ಪತ್ರಾ ಶೆಡ್ಡಿನಾಗ ಕುಂತು ಹನ್ನೊಂದು ವರ್ಷ ಮಾಡ್ಯಾರ. ಬಾಯ್ಲರ್ ಕಾರ್ಖಾನಿದಾಗ ವೆಲ್ಡರ್ ಆಗಿ ರಿಟೈರ್ ಆದವ್ರು, ಮನಿಗಿಂತ ಎತ್ತರದ ಬಾಯ್ಲರಿಗಿ ಬೆಸಗಿ ಹಾಕಿದ ಕೈ, ಆದ್ರ ಈ ಮೂರೂವರೆ ಲೀಟರ್ ನೀರು ಹಿಡಿಯೋ ತಾಮ್ರದ ಬಾಯ್ಲರು ಸೋರದಂಗ ಮಾಡ್ಲಿಕ್ಕೆ ಎರಡು ಸಲ ಸೋತು ಮೂರನೇದು ಗೆದ್ದಾರ. ದೊಡ್ಡದರಾಗ ತಪ್ಪು ಮುಚ್ಚಾಕೋಳಿಕ್ಕೆ ಜಾಗ ಇರ್ತದ, ಸಣ್ಣದರಾಗ ಇರಂಗಿಲ್ಲ ಅಂತಾರ.

ಈ ಹುಚ್ಚು ಮಾಮಾ ಒಬ್ರಿಗೇ ಅಲ್ಲ. ಪುಣೆ, ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಕಡಿ ಅಲ್ಲೊಬ್ರು ಇಲ್ಲೊಬ್ರು ಅದಾರ, ಫೋನಿನಾಗ ದಿನಾ ಮಾತು, ಆದ್ರ ಎಲ್ಲಾರೂ ತಮ್ಮ ತಮ್ಮ ಇಂಜಿನ್ ತಗೊಂಡು ಒಂದು ಕಡಿ ಕೂಡಿದ್ದೇ ಇಲ್ಲ. ಇಂಗ್ಲೆಂಡಿನಾಗ ಇದು ಜಾತ್ರಿ ಇದ್ದಂಗ. 1950ರಾಗ ಅಲ್ಲಿ ಆಪಲ್‌ಫೋರ್ಡ್ ಅನ್ನೋ ಹಳ್ಳಿಯೊಳಗ ಆರ್ಥರ್ ನ್ಯಾಪರ್ ಅನ್ನೋ ರೈತ ತನ್ನ ಹಳೇ ಟ್ರ್ಯಾಕ್ಷನ್ ಇಂಜಿನ್ನು, ಅಂದ್ರ ಹಳಿ ಇಲ್ಲದೇ ರಸ್ತಾದಾಗ ಹೊಲದಾಗ ಓಡೋ ಉಗಿ ಇಂಜಿನ್ನು, ಇನ್ನೊಬ್ಬನ ಇಂಜಿನ್ ಜೋಡಿ ಒಂದು ಪೀಪಾಯಿ ಬಿಯರಿನ ಪಣಕ್ಕ ರೇಸಿಗಿ ಬಿಟ್ಟ, ಗೆದ್ದ. ಈ ರ‍್ಯಾಲಿ ಅನ್ನೋದರ ಬೇರು ಅಲ್ಲಿ ಅದ, ಆಮ್ಯಾಲ ದೊಡ್ಡವರ ಬೆನ್ನ ಹತ್ತಿ ಮನ್ಯಾಗ ಮಾಡಿದ ಸಣ್ಣ ಇಂಜಿನ್ನೂ ಬಂದ್ವು. ಮಜಾ ಅಂದ್ರ ಅದೇ 1950ರಾಗ ಬಂಗಾಳದಾಗಿನ ನಮ್ಮ ಚಿತ್ತರಂಜನ್ ರೈಲ್ವೇ ಕಾರ್ಖಾನಿಯಿಂದ ಮೊದಲನೇ ಉಗಿ ಇಂಜಿನ್ನು, ದೇಶಬಂಧು, ಹೊರಗ ಬಂತು. ಅವ್ರು ರಸ್ತಾದ ಉಗಿ ಇಂಜಿನ್ ಗುಜರಿಗಿ ಹಾಕೋ ಹೊತ್ತಿನಾಗ ನಾವು ಹೊಸ ಕಾರ್ಖಾನಿದಾಗ ರೈಲಿನ ಉಗಿ ಇಂಜಿನ್ ಮಾಡ್ಲಿಕ್ಕೆ ಶುರು ಮಾಡಿದ್ವಿ! 1970ರಾಗ ಅಲ್ಲಿ ಮಾಡಿದ ಕಟ್ಟಕಡಿ ಬ್ರಾಡ್‌ಗೇಜ್ ಉಗಿ ಇಂಜಿನ್ನಿಗಿ ಅಂತಿಮ್ ಸಿತಾರಾ ಅಂತ ಹೆಸರಿಟ್ರು, 1995ಕ್ಕ ಬ್ರಾಡ್‌ಗೇಜಿನ ಮ್ಯಾಲ ಉಗಿಯ ದಿನದ ಓಡಾಟ ಮುಗದೇ ಹೋತು.

ಮಾಮಾ ಸಣ್ಣವರಿದ್ದಾಗ ವಾಡಿ ಜಂಕ್ಷನ್ನಾಗ ಇಂಜಿನ್ ನೀರು ಕುಡಿಯೋದು ನೋಡ್ಲಿಕ್ಕೆ ಶಾಲಿ ತಪ್ಪಸ್ತಿದ್ರಂತ. 1871ರಾಗ ಮುಂಬೈ ಕಡಿಯ ಹಳಿ ನಮ್ಮ ಊರ ದಾಟಿ ರಾಯಚೂರು ಮುಟ್ಟಿತು, 1874ರಾಗ ವಾಡಿಲಿಂದ ಸಿಕಂದರಾಬಾದಿಗಿ ನಿಜಾಮನ ಹಳಿ ಬಿತ್ತು, ಉಗಿ ನಮ್ಮ ಮುತ್ಯಾನ ಮುತ್ಯಾನೂ ನೋಡ್ಯಾನ, ಕೂಡೋದಾದ್ರ ಇಲ್ಲೇ ಕೂಡಬೇಕು ಅನ್ನೋದು ಅವರ ವಾದ. ಹಿಂಗಾಗಿ ದಸರಾ ಮುಗದ ಮ್ಯಾಲ ಒಂದಿನ ಮನಿಗಿ ಬಂದು, ಬಸಿಯೊಳಗ ಉಳದ ಚಹಾ ನೋಡಕೋತ, "ತಮ್ಮಾ, ನಿಮ್ಮ ಹೊಲ ಜನವರಿದಾಗ ಖಾಲಿ ಇರ್ತದಲ್ಲ?" ಅಂದ್ರು. ನಾ ಹೂಂ ಅಂದೆ. ಹೂಂ ಅಂದಿದ್ದು ಅಷ್ಟ, ಮುಂದಿನ ಮೂರು ತಿಂಗಳು ನನ್ನವಲ್ಲ.

ನಮ್ಮ ಹೊಲ ಶಹಾಬಾದದ ಹತ್ರ, ಕಾಗಿಣಾ ಹೊಳಿ ಕಡಿ. ಒಟ್ಟು ಐದು ಎಕರೆ. ಮೂರೂವರೆ ಎಕರೆ ಎರಿ, ಕರಿ ಮಣ್ಣು, ತೊಗರಿ ಹಾಕ್ತೀವಿ, 2019ರಾಗ ಜಿಐ ಟ್ಯಾಗ್ ಸಿಕ್ಕ ಅದೇ ತೊಗರಿ (ನಮ್ಮ ಕೈಗಿ ಬರೋ ರೇಟಿನ ಮಾತು ಇಲ್ಲಿ ಬ್ಯಾಡ). ಉಳದ ಒಂದೂವರೆ ಎಕರೆ ಪಡ. ಮ್ಯಾಲ ನಾಕು ಬಟ್ಟು ಮಣ್ಣು, ಕೆಳಗ ಬರೀ ಕಲ್ಲು. ಮುತ್ಯಾ ಆ ತುಂಡಿಗಿ ಬೈಯದ ದಿನ ಇರಲಿಲ್ಲಂತ, ಪಾಲು ಹಂಚೋ ಮುಂದ ದೊಡ್ಡಪ್ಪ ಜಾಣತನ ಮಾಡಿ ಅದು ನಮ್ಮಪ್ಪನ ಪಾಲಿಗಿ ಬರೋ ಹಾಂಗ ನೋಡ್ಕೊಂಡ.

ಮಾಮಾ ಬಂದವರೇ ಎರಿ ಹೊಲದ ನಡುವ ನಿಂತು "ಹಂಚಿನಂಗ ಸಪಾಟ್ ಅದ, ಇಲ್ಲೇ ಹಾಕೋಣು" ಅಂದ್ರು. ನನಗೂ ಹಂಗೇ ಅನಸಿತು. ಹೊಲ ಪಾಲಿಗಿ ಮಾಡೋ ಹಣಮಂತ ಮಾತ್ರ ಬೀಡಿ ಹಚ್ಚಕೋತ, "ಯಪ್ಪಾ, ಈಗ ಸಪಾಟ್ ಕಾಣ್ತದ್ರಿ. ಎರಿ ಮಾತು ನಂಬಬ್ಯಾಡ್ರಿ, ಅದು ಉಸರಾಡತದ್ರಿ" ಅಂದ. ನಾವು ಇಬ್ರೂ ಓದಿದವ್ರು, ಕೇಳಲಿಲ್ಲ.

ಹಳಿ ಲೆಕ್ಕ ಹೇಳಿಬಿಡ್ತೀನಿ, ಇಲ್ಲಂದ್ರ ಮುಂದಿನದು ತಿಳಿಯಂಗಿಲ್ಲ. ಹತ್ತು ಫೂಟಿನ ತುಂಡಿಗಿ ಪ್ಯಾನೆಲ್ ಅಂತಾರ. 25 ಮಿಲಿಮೀಟರ್ ಅಗಲ 8 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ ಎರಡು ಅಂಚಿನ ಮ್ಯಾಲ ನಿಂದರಿಸಿ, ಕೆಳಗ ಬಾಕ್ಸ್ ಪೈಪಿನ ತುಂಡು ಅಡ್ಡ ಇಟ್ಟು ವೆಲ್ಡ್ ಮಾಡಿದ್ರ ಒಂದು ಪ್ಯಾನೆಲ್ ಆತು. ಸೀದಾ ಸಾಲು 28 ಮೀಟರಿನವು ಎರಡು, ಎರಡೂ ತುದಿಗಿ 12 ಮೀಟರ್ ತ್ರಿಜ್ಯದ ಅರ್ಧ ವರ್ತುಲ, ಸುತ್ತ ಒಟ್ಟು 131 ಮೀಟರ್, ಅಂದ್ರ 44 ಪ್ಯಾನೆಲ್. ತಿರುವಿನಾಗ ಹಳಿ ಎರಡು ಮಿಲಿಮೀಟರ್ ಅಗಲ ಬಿಡಬೇಕು, ಇಲ್ಲಂದ್ರ ಗಾಲಿ ಕಚ್ಚಿ ಹಿಡಿತದ. ಮಾಮಾ ಮತ್ತ ಅವರ ಹಳೇ ಕಾರ್ಖಾನಿ ಗೆಳೆಯರಿಬ್ರು ದೀಪಾವಳಿ ಕಳದ ಮ್ಯಾಲ ಕುಂತು ಒಂದೂವರೆ ತಿಂಗಳಿನಾಗ ಅಷ್ಟೂ ವೆಲ್ಡ್ ಮಾಡಿದ್ರು, ಮೂರೂ ಮಂದಿ ಸೇರಿ ವಯಸ್ಸು ಇನ್ನೂರರ ಮ್ಯಾಲ.

ಡಿಸೆಂಬರಿನಾಗ ತೊಗರಿ ಕೊಯ್ದ ಮ್ಯಾಲ ಕೂಳಿ ಕಿತ್ತು, ಎರಿ ಹೊಲದಾಗ ಆರು ಪ್ಯಾನೆಲ್ ಹಾಸಿ ಟ್ರಾಲಿ ನೂಕಿ ನೋಡಿದ್ವಿ, ಬೆಣ್ಣಿ ಮ್ಯಾಲ ಜಾರಿದಂಗ ಹೋತು. ಅವತ್ತು ರಾತ್ರಿ ಹೊತ್ತಲ್ಲದ ಹೊತ್ತಿನಾಗ ಮಳಿ ಬಂತು. ಭಾಳಲ್ಲ, ಒಂದು ತಾಸು. ಮರದಿನ ಹೊಲಕ್ಕ ಕಾಲಿಟ್ರ ಹೆಜ್ಜಿಗೊಂದು ಬಟ್ಟು ಮಣ್ಣು ಚಪ್ಪಲಿಗಿ ಹತ್ತಕೋತ ಹತ್ತಕೋತ ಹಳಿ ತನಾ ಮುಟ್ಟೋದರಾಗ ನಾ ನಾಕಿಂಚು ಎತ್ತರ ಆಗಿದ್ದೆ. ಹಳಿ ನೋಡಿದ್ರ ಹಾವು ಹೊರಳಿದಂಗ. ಒಂದು ಕಡಿ ಉಬ್ಬೇದ, ಒಂದು ಕಡಿ ಕುಂತದ. ಕರಿ ಮಣ್ಣು ನೀರು ಕುಡದ್ರ ಉಬ್ಬತದ, ಒಣಗಿದ್ರ ಕುಗ್ಗಿ ಬಿರಕ ಬಿಡತದ, ಬ್ಯಾಸಗಿದಾಗ ಆ ಬಿರಕಿನಾಗ ಮೊಣಕೈ ತನಾ ಕೈ ಇಳೀತದ, ಇದು ನಮ್ಮ ಕಡಿ ಕೂಸಿಗೂ ಗೊತ್ತು, ಮನಿ ಕಟ್ಟೋವಾಗ ಪಾಯಾ ಯಾಕ ಅಷ್ಟು ಆಳ ತಗಿತಾರ ಮತ್ತ. ಗೊತ್ತಿದ್ದೂ ಹಾಕಿದ್ವಿ. ಮಾಮಾನ ಇಂಜಿನ್ನಿನ ಗಾಲಿ ಅಂಚು ಹಳಿಗಿಂತ ಕೆಳಗ ಇಳಿಯೋದು ಮೂರೂವರೆ ಮಿಲಿಮೀಟರ್, ಒಂದು ಜ್ವಾಳದ ಕಾಳಿನಷ್ಟು. ಹಳಿ ಒಂದು ಕಾಳಿನಷ್ಟು ತಿರಚಿದ್ರ ಇಂಜಿನ್ ಹೊಲದಾಗ ಇರ್ತದ. ಖರೇ ರೈಲಿಗಿ ಇಷ್ಟು ತಿರಚಿದ್ದು ಗೊತ್ತೂ ಆಗಂಗಿಲ್ಲ.

ಹಣಮಂತ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಜಾಸ್ತಿ ಚುಚ್ಚಿತು.

ಎಳ್ಳಮಾಸಿ ಬಂತು. ಮನಿ ಮಂದಿ ಎಲ್ಲಾ ಟ್ರ್ಯಾಕ್ಟರ್ ಹತ್ತಿ ಹೊಲಕ್ಕ ಹೋದ್ವಿ, ಐದು ಕಲ್ಲಿಗಿ ಸುಣ್ಣ ಹಚ್ಚಿ ಪೂಜಿ ಮಾಡಿ, ಚರಗ ಚೆಲ್ಲಿ, ಭಜ್ಜಿ, ಸಜ್ಜಿ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗಿ ಹೊಡದು ಬೇವಿನ ನೆಳ್ಳಿಗಿ ಎಲ್ಲಾರೂ ಅಡ್ಡ ಆಗಿದ್ದಾಗ, ಮಾಮಾ ಒಬ್ರೇ ಪಡದ ಕಡಿ ಹೊಂಟಿದ್ದು ಕಂಡೆ. ಕೈಯಾಗ ಹಾರಿ. ಹತ್ತು ಹೆಜ್ಜಿಗೊಮ್ಮೆ ನೆಲಕ್ಕ ಕುಟ್ಟತಾರ, ಠಣ್. ಮತ್ತ ಹತ್ತು ಹೆಜ್ಜಿ, ಠಣ್. ಬಾವಿ ತೋಡೋವ್ರು ಠಣ್ ಅಂದ್ರ ತಲಿ ಮ್ಯಾಲ ಕೈ ಇಟ್ಕೋತಾರ, ಇವ್ರು ಮಾತ್ರ ಪ್ರತಿ ಠಣ್ಣಿಗಿ ತಿರುಗಿ ನಮ್ಮ ಕಡಿ ನೋಡಿ ನಗ್ತಾರ. ಮಲಗಿದ್ದ ನಮ್ಮಪ್ಪ ಒಂದು ಕಣ್ಣು ತಗದು, "ನಿಮ್ಮ ಮಾಮಾಗ ಆ ಪಡ ಬೇಕಂತೇನು, ಬರದುಕೊಡು" ಅಂದ.

ಪಡದಾಗ ಕೆಲಸ ಶುರು ಆತು. ಮೊದಲು ಜಾಲಿ ಕಂಟಿ ಕಡದ್ವಿ, ಬಿಡಿ ಕಲ್ಲು ಎತ್ತಿದ್ವಿ, ಪ್ರತಿ ಕಲ್ಲನ್ನ ಮೊದಲು ಹಾರಿಲಿಂದ ಹೊರಳಿಸಿ ಆಮ್ಯಾಲ ಕೈ ಹಾಕೋದು, ಯಾಕಂದ್ರ ಮೊದಲನೇ ದಿನಾನೇ ಏಳು ಚೇಳು. ಆಮ್ಯಾಲ ಲೆವೆಲ್. ಕಲ್ಲು ಗಟ್ಟಿ ಅದ ಅಂದ್ರ ಸಪಾಟ್ ಅದ ಅಂತಲ್ಲ, ಒಂದು ತುದಿಗೂ ಇನ್ನೊಂದಕ್ಕೂ ಒಂದೂವರೆ ಫೂಟ್ ಇಳಿಜಾರು ಇತ್ತು. ನೆಲಕ್ಕ ಹಾಸೋ ಪರಸಿ ಕಲ್ಲಿನ ಪಾಲಿಶ್ ಫ್ಯಾಕ್ಟರಿಗಳ ಹಿಂದ ಒಡದ ಪರಸಿ ಗುಡ್ಡ ಬಿದ್ದಿರ್ತದಲ್ಲ, ಟ್ರ್ಯಾಕ್ಟರ್ ಬಾಡಿಗಿ ಕೊಟ್ರ ಅದು ಪುಕ್ಕಟ, ಹನ್ನೆರಡು ಟ್ರಿಪ್ ತಂದು ತಗ್ಗಿನ ಕಡಿ ಕಟ್ಟಿ ಏರಿಸಿದ್ವಿ.

ಲೆವೆಲ್ ಹಿಡಿಯೋದು ಗೌಂಡಿ ಕೆಲಸ, ಪಾರದರ್ಶಕ ಪೈಪಿನಾಗ ನೀರು ತುಂಬಿ ಎರಡೂ ತುದಿ ಹಿಡಕೊಂಡು ನೋಡೋದು, ನೀರು ಎರಡೂ ಕಡಿ ಒಂದೇ ಎತ್ತರಕ್ಕ ನಿಲ್ತದ. ಸುಳ್ಳು ಹೇಳಲಿಕ್ಕೆ ನೀರಿಗಿ ಬರಂಗಿಲ್ಲ ಅಂತ ನಾ ಗೌಂಡಿ ಕರಸದೇ ಮಗನ್ನ ಕರಕೊಂಡು ನಾನೇ ಹಿಡದೆ. ಇಡೀ ಒಂದಿನ ಹಿಡದು, ಗೂಟ ಹೊಡದು, ದಾರ ಕಟ್ಟಿ, ಸಂಜಿಗಿ ಒಂದು ಸೀದಾ ಸಾಲಿಗಿ ಪ್ಯಾನೆಲ್ ಜೋಡಿಸಿ, ಮಾಮಾ ಖಾಲಿ ಟ್ರಾಲಿ ಹಳಿ ಮ್ಯಾಲ ಇಟ್ಟು ಕೈ ಬಿಟ್ರ.. ಟ್ರಾಲಿ ತಾನ ಹೊಂಟು ಬಿಡ್ತು. ಮೊದಲು ಸಾವಕಾಶ, ಆಮ್ಯಾಲ ದೌಡ್, ತುದಿಗಿ ಹೋಗಿ ಜಾಲಿ ಕಂಟಿ ಒಳಗ ಬಿತ್ತು. ಪೈಪಿನ ನಡುವ ಎಲ್ಲೋ ಒಂದು ಬಟ್ಟಿನಷ್ಟು ಉದ್ದ ಗಾಳಿ ಗುಳ್ಳಿ ಸಿಕ್ಕಾಕೊಂಡಿತ್ತು, ಪ್ರತಿ ಸಲ ಪೈಪ್ ಸರಸಿದಾಗ ಅದರ ತಪ್ಪು ಮುಂದಿನ ಗೂಟಕ್ಕ ಕೂಡಕೋತ ಹೋಗಿ 28 ಮೀಟರಿಗಿ ಒಂದು ಗೇಣಿನ ಮ್ಯಾಲ ಇಳಿಜಾರು ಆಗಿತ್ತು. ಮರದಿನ ಗೌಂಡಿ ಬಂದು ಪೈಪ್ ಬಿಸಲಿಗಿ ಹಿಡದು ನೋಡಿ, ಬಟ್ಟಿನಿಂದ ಎರಡು ಸಲ ಫಟ್ ಫಟ್ ಬಡದ, ಗುಳ್ಳಿ ಮ್ಯಾಲ ಬಂದು ಹೋತು. ಐನೂರು ರೂಪಾಯಿ ತಗೊಂಡ. ಕೊಟ್ಟೆ.

ಜ್ವಾಳದ ಕಾಳಿನ ಲೆಕ್ಕದಾಗ ಕೂಡಸಬೇಕಂದ್ರ ಪ್ರತಿ ಜೋಡಿನ ಕೆಳಗ ತೆಳ್ಳಗಿಂದು ಏನರ ಇಡಬೇಕು. ನಾ ತಗಡು ಕತ್ತರಸಲಿಕ್ಕೆ ಹೊಂಟಿದ್ದೆ. ಕಲ್ಲು ಇಳಸಲಿಕ್ಕೆ ಬಂದ ಖಣಿ ಕೆಲಸದ ಹುಡುಗ, "ತಗಡ್ಯಾಕ್ರಿ ಸರ್" ಅಂತ ಒಂದು ಪರಸಿ ತುಂಡು ಅಂಚಿನ ಮ್ಯಾಲ ನಿಂದರಿಸಿ, ಚಾಣ ಇಟ್ಟು ಒಂದೇ ಏಟು, ಸೀದಾ ಎರಡು ಪದರ ಆತು. ಅದರಾಗಿನ ಒಂದಕ್ಕ ಇನ್ನೊಂದು ಏಟು. ಹಪ್ಪಳದಂಥ ಚಕ್ಕಿ, ಐದು ಮಿಲಿಮೀಟರ್ ಇದ್ದೀತು. ಶಹಾಬಾದ ಕಲ್ಲು ಸುಣ್ಣದ ಕಲ್ಲು, ಪುಸ್ತಕದ ಹಾಳಿಯಂಗ ಪದರ ಪದರ ಕುಂತಿರ್ತದ, ಹಂಗಂತಲೇ ಮಂದಿ ಮನಿ ನೆಲಕ್ಕ ಹಾಸಲಿಕ್ಕೆ ಒಯ್ತಾರ, ಇದನ್ನ ತುಳಕೋತ ತುಳಕೋತನೇ ದೊಡ್ಡವ ಆದವ ನಾ. ಆ ಹುಡುಗ ಅರ್ಧ ದಿನದಾಗ ಮೂರು ನಮೂನಿ ದಪ್ಪದ್ದು ಎರಡು ಪುಟ್ಟಿ ಚಕ್ಕಿ ಮಾಡಿಕೊಟ್ಟ. ಹಳಿ ಕುಂತ್ವು. ಈ ಸಲ ಟ್ರಾಲಿ ಇಟ್ರ ನಿಂತಲ್ಲೇ ನಿಂತು ನಮ್ಮ ಮುಖ ನೋಡ್ತು.

ಬೆಂಕಿ ಮಾತು ಬ್ಯಾರೆ ತಲಿನೋವು. ಜನವರಿ ಅಂದ್ರ ಹೊಲ ಎಲ್ಲಾ ಒಣಗಿರ್ತಾವ, ಇಂಜಿನ್ ಚಿಮಣಿಯಿಂದ ಒಂದು ಕಿಡಿ ಹಾರಿದ್ರ ಮುಗೀತು, ಬಾಜೂ ಹೊಲದವರ ಕಣಕಿ ಬಣಮಿ ನಮ್ಮ ಬದುವಿಗಿ ಹತ್ತೇ ಅದ. ಅವ್ರು ಬಂದು ಜಗಳ ಮಾಡಿದ್ರು, ಮಾಡಿದ್ದು ಖರೇನೇ ಇತ್ತು. ಚಿಮಣಿ ಒಳಗ ಜಾಳಗಿ ಹಾಕ್ತಾರ, ಆದ್ರೂ ನಂಬಲಿಕ್ಕಾಗಲ್ಲ. ಹಣಮಂತ ಪಡದ ಸುತ್ತ ನಾಕು ಸಾಲು ರೆಂಟಿ ಹೊಡದು ಬರೀ ಮಣ್ಣು ಮಾಡಿದ, ಮತ್ತ ನಾವು ಉಗಿ ಏರಿಸೋ ಕಟ್ಟಿ ಹಾಕಿದ ಜಾಗ ನೋಡಿ ಅದನ್ನ ಎತ್ತಿ ಪಡುವಣ ಮೂಲಿಗಿ ಒಯ್ಯಿರಿ ಅಂದ, ಈ ತಿಂಗಳಾಗ ಮೂಡಗಾಳಿ, ಕಿಡಿ ಬಣಮಿ ಕಡಿ ಹೋಗಬಾರದು ಅಂತ. ಕಟ್ಟಿ ಅಂದ್ರ ಟೊಂಕದ ಎತ್ತರದ ಕಬ್ಬಿಣದ ಸ್ಟ್ಯಾಂಡು, ಇಂಜಿನ್ ಅದರ ಮ್ಯಾಲ ಇಟ್ಟು, ಎಣ್ಣಿ ನೆನಸಿದ ಇದ್ದಿಲು ಹಚ್ಚಿ, ಚಿಮಣಿ ಮ್ಯಾಲ ಸಣ್ಣ ಬ್ಯಾಟರಿ ಫ್ಯಾನ್ ಕೂಡಿಸಿ ಗಾಳಿ ಎಳಸ್ತಾರ, ಇಪ್ಪತ್ತು ಪೌಂಡ್ ಏರಿದ ಮ್ಯಾಲ ತನ್ನ ಉಗಿಲಿಂದ ತಾನ ಉಸರಾಡತದ. ಬೂದಿ ಹಾಕಲಿಕ್ಕೆ ಕಬ್ಬಿಣ ಬುಟ್ಟಿ, ಬಾಜೂಕ ಉಸುಕಿನ ಬಕೆಟ್. ಪಂಚಾಯ್ತಿಗಿ, ಠಾಣಾಕ್ಕ ಒಂದೊಂದು ಅರ್ಜಿ ಕೊಟ್ವಿ. 25 ಲೀಟರಿಗಿಂತ ಕಡಿಮಿ ಹಿಡಿಯೋ ಬಾಯ್ಲರು ಸರಕಾರದ ಬಾಯ್ಲರ್ ಕಾಯ್ದಿ ಒಳಗ ಬರಂಗಿಲ್ಲ, ಹಂಗಂತ ಅದು ಒಡಿಯಂಗಿಲ್ಲ ಅಂತ ಎಲ್ಲೂ ಬರದಿಲ್ಲ, ಅದಕ್ಕ ಬಂದವರೆಲ್ಲಾರದೂ ತಣ್ಣೀರು ತುಂಬಿ ಕೈ ಪಂಪಿನಿಂದ ಒಂದೂವರೆ ಪಟ್ಟು ಒತ್ತಡ ಏರಿಸಿ ನೋಡಿದ ಮ್ಯಾಲೇ ಬೆಂಕಿ ಅಂತ ಮಾಮಾ ಮೊದಲೇ ಹೇಳಿಟ್ಟಿದ್ರು.

ಈಗ ನೀರು. ಹೇಳಬೇಕಂತ ಕುಂತಿದ್ದು ಇದನ್ನೇ, ಹಳಿ ಬೆಂಕಿ ಅಂತ ಎಲ್ಲೆಲ್ಲೋ ಹೋತು.

ಏಳು ಇಂಜಿನ್ ಬರೋವಿದ್ವು. ಮಾಮಾನದು ತಾಸಿಗಿ ಹತ್ತು ಲೀಟರ್ ಕುಡಿತದ, ದೊಡ್ಡವು ಇನ್ನೂ ಜಾಸ್ತಿ, ಎರಡು ದಿನಕ್ಕ ಎರಡು ಸಾವಿರ ಲೀಟರ್ ಬೇಕು ಅಂತ ಲೆಕ್ಕ ಹಾಕಿದ್ವಿ. ಹೊಲದಾಗ ಬೋರ್ ಅದ, ನೀರು ಧೋ ಅಂತ ಬರ್ತದ, ಇದೊಂದು ಚಿಂತಿ ಇಲ್ಲ ಅಂತ ನಾ ಆರಾಮ ಇದ್ದೆ. ಮಾಮಾ ಒಂದು ಬಾಟ್ಲಿ ನೀರು ಒಯ್ದು, ಅದರಾಗ ಸಾಬೂನು ಕೆರದು ಹಾಕಿ ಅಲ್ಲಾಡಿಸಿದ್ರು. ನೊರಿ ಇಲ್ಲ. ಮೊಸರು ಒಡದಂಗ ಬಿಳಿ ಬಿಳಿ ಚೂರು ತೇಲಾಡ್ತು. "ಇದು ಹಾಕಿದ್ರ ಹನ್ನೊಂದು ವರ್ಷದ ಕೆಲಸ ಎರಡು ದಿನದಾಗ ಹಾಳ" ಅಂದ್ರು. ಸುಣ್ಣದ ಕಲ್ಲಿನೊಳಗ ಇಳದು ಬಂದ ನೀರು, ಸುಣ್ಣ ಹೊತಗೊಂಡೇ ಬರ್ತದ, ಕಾಯಿಸಿದ್ರ ಆ ಸುಣ್ಣ ತಾಮ್ರದ ಕೊಳವಿಗಿ ಪರಿ ಕಟ್ಟತದ, ಬೆಂಕಿ ಕಾವು ನೀರಿಗಿ ಮುಟ್ಟಂಗಿಲ್ಲ, ತಾಮ್ರ ಸುಡತದ. ನಮ್ಮ ಮನಿ ಗೀಝರಿನ ಕಾಯಿಲ್ ವರ್ಷಕ್ಕೊಂದು ಹೋಗೋದು ಇದಕ್ಕೇ. ಉಗಿ ಕಾಲದಾಗ ರೈಲ್ವೇದವರು ನೀರು ಕೆಟ್ಟಿದ್ದ ಕಡಿ ಅದನ್ನ ಮೆದು ಮಾಡೋ ಪ್ಲಾಂಟೇ ಕೂಡಸ್ತಿದ್ರು. ನಾವೆಲ್ಲಿ ಕೂಡಸೋಣು? ಮಳಿ ನೀರು ಹಿಡಿಯಬೇಕಿತ್ತು, ಮಳಿಗಾಲ ಮುಗದದ. ಊರಾಗಿನ ಶುದ್ಧ ನೀರಿನ ಮಷೀನಿನಾಗ ಕ್ಯಾನ್ ಹಿಡದು ಎರಡು ಸಾವಿರ ಲೀಟರ್ ತರಬೇಕಂದ್ರ ನೂರು ಕ್ಯಾನು, ಪಾಳಿ ಹಚ್ಚಿದ ಹೆಣ್ಮಕ್ಕಳು ನಮ್ಮನ್ನ ಬಿಡ್ತಾರೇನು.

ಇದನ್ನೆಲ್ಲಾ ಮಾಮಾನ ಮನಿ ಪಡಸಾಲ್ಯಾಗ ಕುಂತು ದೊಡ್ಡ ದೊಡ್ಡ ಮಾತಿನಾಗ ಚರ್ಚಾ ಮಾಡಲಿಕ್ಕತ್ತಿದ್ವಿ. ಅತ್ತಿ ಒಳಗಿಂದ, "ಬ್ಯಾಳಿ ಬೇಯೋ ನೀರು ತಗೊಂಡು ಹೋಗ್ರಿ" ಅಂದ್ಳು.

ಮಾಮಾ ಏನು ಅಂದ್ರು.

"ನಿಮ್ಮ ಹೊಲದ ಬೋರ್ ನೀರಾಗ ಮೂರಲ್ಲ, ಹತ್ತು ಸೀಟಿ ಹೊಡಸಿದ್ರೂ ತೊಗರಿ ಬ್ಯಾಳಿ ಕಲ್ಲಾಗೇ ಇರ್ತದ. ಕೆರಿ ಕೆಳಗಿನ ಬಾವಿ ನೀರು ಹಾಕ್ರಿ, ಬೆಣ್ಣಿ. ನಮ್ಮತ್ತಿ ಇದ್ದಾಗ ಕುಡಿಲಿಕ್ಕೆ ಒಂದು ನೀರು, ಬ್ಯಾಳಿಗಿ ಒಂದು ನೀರು ಅಂತ ಬ್ಯಾರೆ ಬ್ಯಾರೆ ಕೊಡ ತರಸ್ತಿದ್ದಳು."

ಮಾಮಾಗ ನಂಬಿಕಿ ಬರಲಿಲ್ಲ, ಅತ್ತಿಗಿ ಸಿಟ್ಟು ಬಂತು. ಮರದಿನ ಎರಡು ಕುಕ್ಕರ್ ಒಲಿ ಮ್ಯಾಲ, ಬಾಜೂಕಿನ ಮನಿಯಿಂದ ತಂದಿದ್ದೊಂದು, ಎರಡಕ್ಕೂ ಒಂದೇ ಚೀಲದ ಬ್ಯಾಳಿ ಒಂದೊಂದು ವಾಟಿ, ಒಂದರಾಗ ಬೋರಿನ ನೀರು, ಒಂದರಾಗ ಬಾವಿದು. ಮೂರು ಮೂರು ಸೀಟಿ. ಇಳಿಸಿ ಆರಿದ ಮ್ಯಾಲ ಅತ್ತಿ ಬಾವಿ ನೀರಿನ ಕುಕ್ಕರಿನಾಗ ಸೌಟು ತಿರುವಿದ್ಲು, ಬ್ಯಾಳಿ ಕರಗಿ ಹಳದಿ ಗಂಜಿ. ಬೋರಿಂದರಾಗಿನ ನಾಕು ಕಾಳು ತಗದು ಸ್ಟೀಲ್ ತಾಟಿನಾಗ ಹಾಕಿದ್ಲು, ಟಿಣ್ ಟಿಣ್ ಅಂದ್ವು. ಏನೂ ಮಾತಾಡದೇ ತಾಟು ಮಾಮಾನ ಮುಂದ ಸರಸಿ ಒಳಗ ಹೋದ್ಲು. ಮಾಮಾ ಒಂದು ಕಾಳು ಬಟ್ಟಿನಾಗ ಹಿಚಕಿ ನೋಡಿದ್ರು, ಕನ್ನಡಕ ಏರಿಸಿ ಇನ್ನೊಂದು ಹಿಚಕಿದ್ರು. ತಾಮ್ರಕ್ಕ ಪರಿ ಕಟ್ಟೋ ಅದೇ ಸುಣ್ಣನೇ ಬ್ಯಾಳಿ ಒಳಗಿನ ಅಂಟು ಹಿಡದು ಗಟ್ಟಿ ಮಾಡ್ತದ, ಆಮ್ಯಾಲ ಓದಿ ತಿಳ್ಕೊಂಡ್ವಿ. ಮತ್ತ ಕುಕ್ಕರ್ ಅಂದ್ರೂ ಏನು, 15 ಪೌಂಡಿನ ಬಾಯ್ಲರೇ, ಒಳಗ 120 ಡಿಗ್ರಿ ಕಾವು. ಮಾಮಾಂದು 80 ಪೌಂಡ್, 160ರ ಮ್ಯಾಲ ಹೋಗ್ತದ, ಅಷ್ಟ ಫರಕು. ಅತ್ತಿ ನಲವತ್ತು ವರ್ಷ ಎರಡು ಹೊತ್ತು ಬಾಯ್ಲರ್ ನಡಸ್ಯಾಳ, ಸೇಫ್ಟಿ ವಾಲ್ವಿನ ಸಮೇತ.

ಕೆರಿ ಕೆಳಗಿನ ಬಾವಿ ನಳ ಬಂದ ಮ್ಯಾಲ ಯಾರೂ ಸೇದದೇ ಬಿಟ್ಟಿದ್ದು. ಎಲಿ ಕಸ ತಗದು, ಒಂದಿನ ನೀರೆತ್ತಿ ಚೆಲ್ಲಿ, ಹೊಸ ನೀರು ಊರಿದ ಮ್ಯಾಲ ಮಾಮಾ ಬಾಟ್ಲಿ ಸಾಬೂನು ತಗೊಂಡು ಇಳದ್ರು, ಈ ಸಲ ನೊರಿ ಬಾಟ್ಲಿ ಬಾಯಿಂದ ಹೊರಗ ಬಂತು. ಎರಡು ಸಾವಿರ ಲೀಟರ್ ಬಟ್ಟಿಲಿಂದ ಸೋಸಿ ಎರಡು ಕರಿ ಟಾಕಿಗಿ ತುಂಬಿ ಟ್ರ್ಯಾಕ್ಟರಿನಾಗ ಹೊಲಕ್ಕ ಒಯ್ದ್ವಿ. ಅಲ್ಲಿಗಿ ನೀರಿನ ಕಥಿ ಮುಗಿಬೇಕಿತ್ತು.

ಮುಗೀಲಿಲ್ಲ. ಮೂರು ದಿನ ಮುಂಚೆ ಟ್ರಯಲ್ ಇಟ್ಟಿದ್ವಿ. ಮುಂಜಾನಿ ಥಂಡಿ ಹೊತ್ತಿನಾಗ ಇಂಜಿನ್ ಹತ್ತು ಸುತ್ತು ಹೊಡೀತು, ನನ್ನ ಮಗ ಹಿಂದ ಕುಂತು ಕೂಗಿ ಕೂಗಿ ದನಿ ಬಿದ್ದಿತ್ತು. ಎರಡು ಗಂಟಿ ಬಿಸಲಿನಾಗ ಮತ್ತ ನೀರು ತುಂಬಿಸಿಕೊಂಡು ಹೊಂಟ್ವಿ, ಮೂರನೇ ಸುತ್ತಿನಾಗ ಮಾಮಾ ಇಂಜೆಕ್ಟರ್ ತಿರುವಿದ್ರು. ಇಂಜೆಕ್ಟರ್ ಅಂದ್ರ ಬಾಯ್ಲರಿನ ಉಗಿ ತಗೊಂಡು ಅದೇ ಬಾಯ್ಲರಿಗಿ ನೀರು ನೂಕೋ ಹೆಬ್ಬಟ್ಟಿನಷ್ಟು ಹಿತ್ತಾಳಿ ತುಂಡು, ಗಿಫಾರ್ ಅನ್ನೋ ಫ್ರಾನ್ಸಿನವ 1858ರಾಗ ಮಾಡಿದ್ದು, ಒಳಗ ತಿರುಗೋ ಸಾಮಾನು ಒಂದೂ ಇಲ್ಲ. ಉಗಿ ಜೋರಾಗಿ ಬಂದು ತಣ್ಣೀರಿಗಿ ಬಡದು ತಾನೂ ನೀರಾಗತದ, ಅದರ ಓಟ ನೀರಿಗಿ ಹತ್ತತದ, ಆ ಓಟದಾಗೇ ವಾಲ್ವ್ ನೂಕಿ ಒಳಗ ಹೋಗ್ತದ. ಅವತ್ತು ಹೋಗಲಿಲ್ಲ. ಫಸ್ ಅಂತ ಉಗಿ ನೀರು ಎರಡೂ ಕೆಳಗಿನ ತೂತಿನಾಗ ಉಗುಳಿತು. ಮತ್ತ ತಿರುವಿದ್ರು. ಫಸ್. ಬಾಯ್ಲರಿನಾಗ ಎಷ್ಟು ನೀರದ ಅಂತ ತೋರಸೋ ಗಾಜಿನ ನಳಿಗಿದಾಗ ನೀರಿನ ಗೆರಿ ಅರ್ಧ ಇದ್ದದ್ದು ಕಾಲಿಗಿ ಬಂತು, ಕೆಳಗ ಕೆಂಡ ನಿಗಿ ನಿಗಿ. ಮಾಮಾ ಒಂದು ಮಾತಾಡಲಿಲ್ಲ, ಕೈ ಪಂಪಿನ ಹಿಡಿಕಿ ಹಾಕಿ ಒತ್ತಲಿಕ್ಕೆ ಶುರು ಮಾಡಿದ್ರು, ಎಪ್ಪತ್ತು ವರ್ಷದ ಮನಷ್ಯಾ, ಹಣಿ ಮ್ಯಾಲಿನ ನರ ಕಾಣ್ತಿತ್ತು, ನಾ ಒತ್ತತೀನಿ ಅಂದ್ರ ತಲಿ ಅಲ್ಲಾಡಸ್ತಾರ. ಗೆರಿ ಒಂದು ನೂಲು ಏರಿತು. ಮತ್ತೊಂದು ನೂಲು. ಆಮ್ಯಾಲ ಕೆಂಡ ಕೆಳಗ ಬೀಳಿಸಿದ್ರು.

ಕಾರಣ ಕಾಲಿಗೇ ತಾಗಿತ್ತು. ಟಾಕಿಯಿಂದ ಹಳಿ ತನಾ ಬಂದ ಕರಿ ಪೈಪು ಮೂವತ್ತು ಫೂಟ್ ಕಾದ ಕಲ್ಲಿನ ಮ್ಯಾಲ ಬಿದ್ದಿತ್ತು, ಒಳಗಿನ ನೀರು ಸ್ನಾನಕ್ಕ ಕಾಯಿಸಿದಂಗ ಆಗಿತ್ತು, ನಾವು ಅದನ್ನೇ ತುಂಬಸಿದ್ವಿ. ಬಿಸಿ ನೀರಿಗಿ ಬಡದ್ರ ಉಗಿ ಕರಗಂಗಿಲ್ಲ, ಇಂಜೆಕ್ಟರ್ ಕೈ ಎತ್ತತದ. ಇಂಗ್ಲೆಂಡಿನ ಪುಸ್ತಕದಾಗ ಹೊಲ ತಯಾರ ಮಾಡೋದರ ಬಗ್ಗೆ ಕೆಸರು, ಹುಲ್ಲು ಕೊಯ್ಯೋದು, ಮಳಿ ಬಂದ್ರ ಏನು ಅಂತ ಬರದಿರ್ತಾರ, ನೀರಿನ ಪೈಪ್ ನೆಳ್ಳಾಗ ಇಡ್ರಿ ಅಂತ ಅವರ್ಯಾಕ ಬರೀತಾರ. ಟಾಕಿ ಎರಡೂ ಬೇವಿನ ಬುಡಕ್ಕ ಒಯ್ದು ಮ್ಯಾಲ ಹಸಿ ಗೋಣಿ ಚೀಲ ಹೊಚ್ಚಿದ್ವಿ, ಪೈಪ್ ಕಿತ್ತಾಕಿ ಕೊಡದಾಗ ಹೊರೋದು ಅಂತ ಮಾಡಿದ್ವಿ. ಏಳು ಇಂಜಿನ್ನಿಗಿ ಏಳು ಮಣ್ಣಿನ ಗಡಿಗಿ, ಕುಂಬಾರ ಯಾರ ಲಗ್ನ ಅಂತ ಕೇಳಿದ.

ಆ ಎರಡು ದಿನದ ಬಗ್ಗೆ ಭಾಳ ಹೇಳಲಿಕ್ಕೆ ಇಲ್ಲ, ಫೋಟೋ ನೋಡಿದೋರು ನೋಡೀರಿ. ಒಂದು ಇಂಜಿನ್ ಎರಡೂ ದಿನ ಉಗಿನೇ ಏರಿಸಲಿಲ್ಲ, ಪಾಪ. ನಮ್ಮ ಕಡಿ ಸಿಗೋ ಕಲ್ಲಿದ್ದಲಿನಾಗ ಬೂದಿ ಜಾಸ್ತಿ, ಬೆಂಕಿ ಕೆಳಗಿನ ಸಣ್ಣ ಜಾಳಗಿ ಕಟ್ಟಕೊಂಡು ಬಿಡತದ, ಪುಣೆದವರು ಜಾಣರು ತಮ್ಮದು ತಾವು ಚೀಲದಾಗ ತಂದಿದ್ರು, ಮಾಮಾ ಅರ್ಧ ಇದ್ದಿಲು ಕೂಡಸಿ ನಿಭಾಯಿಸಿದ್ರು. ಊರ ಮಂದಿ ಐನೂರರ ಮ್ಯಾಲ ಬಂದಿದ್ರು, ಜಗಳ ಮಾಡಿದ್ದ ಬಾಜೂ ಹೊಲದವರೇ ನಾಕು ಸಲ ಪಾಳಿ ಹಚ್ಚಿದ್ರು, ಸುಸಲಾ ಭಜಿ ಮಾರಲಿಕ್ಕೆ ಎರಡು ಬಂಡಿ ತಾವೇ ಬಂದ್ವು. ಹಳಿ ಎರಡು ದಿನದಾಗ ಒಮ್ಮೆ ಮಾತ್ರ ಚಕ್ಕಿ ಬದಲಿ ಮಾಡಬೇಕಾತು. ನಮ್ಮಪ್ಪ ಪಡದ ಬದುವಿನ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂತು, ಬಂದವರಿಗೆಲ್ಲಾ ಇದು ನಮ್ಮ ಪಾಲಿಗಿ ಬಂದ ತುಂಡು ಅಂತ ಹೇಳಲಿಕ್ಕತ್ತಿದ್ದ.

ಆಯ್ತವಾರ ಸಂಜಿಗಿ ಎಲ್ಲಾರೂ ಹೋದ ಮ್ಯಾಲ ಹಣಮಂತ ಬೂದಿ ಪುಟ್ಟಿ ತುಂಬಿ ಎರಿ ಹೊಲಕ್ಕ ಚೆಲ್ಲಲಿಕ್ಕೆ ಹೊಂಟಿದ್ದ, ಕಲ್ಲಿದ್ದಲ ಬೂದಿ ಬ್ಯಾಡೋ ಅಂತ ಮಾಮಾ ಅವನ ಹಿಂದ ಓಡಿದ್ರು. ನಾ ಗೋಣಿ ಚೀಲ ತಗದು ಟಾಕಿ ಒಳಗ ಇಣುಕಿದೆ. ಒಂದರಾಗ ಇನ್ನೂ ಕಾಲು ಭಾಗ ನೀರು ಉಳದಿತ್ತು. ತೂಬು ತಗದು ಚೆಲ್ಲಬೇಕು ಅಂತ ಬಗ್ಗಿದ್ದೆ, ಅತ್ತಿ ಹಿಂದಿಂದ "ಏ ತಡಿ ತಡಿ" ಅಂತ ಬಂದ್ಲು, ಎರಡೂ ಕಂಕುಳಾಗ ಒಂದೊಂದು ಕೊಡ. ಎರಡೂ ತುಂಬಿಸಿಕೊಂಡು, ಬಾಯಿಗಿ ಬಟ್ಟಿ ಕಟ್ಟಿ, ಮಾಮಾನ ಇಂಜಿನ್ ಏರಿಸಿದ್ದ ಟ್ರ್ಯಾಕ್ಟರಿನಾಗೇ ಇಟ್ಟು, ಇಂಜಿನ್ ಜರಾ ಆ ಕಡಿ ಸರಸು ಕೊಡ ಅಲ್ಲಾಡತದ ಅಂದ್ಲು.